ಥಂಡಿ ದೇಶದ ಮನೆ: ಅಂಜನಾಬಾಯಿಯ ಮೂರನೇ ಡಬ್ಬಿ

"ಡಬ್ಬಿ ನಂದೇ ಅದರಿ," ಎಂದಳು ಅಂಜನಾಬಾಯಿ, ವಹೀದಾಳ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು. "ಆದ್ರ ಇದು ಫಾರಿನ್ನಿಗಿ ಹ್ಯಾಂಗ ಹ್ವಾತು?"

ಇದೇ ಪ್ರಶ್ನೆ ಕೇಳಲಿಕ್ಕೆ ವಹೀದಾ ಬೀದರದಿಂದ ಭಾಲ್ಕಿಯವರೆಗೆ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದಳು. ಅದನ್ನೇ ತಿರುಗಿಸಿ ಅವಳಿಗೇ ಕೇಳಿದರೆ ಸಿಟ್ಟು ಬಾರದೆ ಇರುತ್ತದೆಯೆ? ಪೊಲೀಸ್ ನೌಕರಿಯಲ್ಲಿ ಹರೆಯ ಸವೆಸಿ, ನಿವೃತ್ತಿಯಾದ ಮೇಲೆ ಬೀದರದ ಚೌಬಾರಾ ಗೋಪುರದ ಹತ್ತಿರ ಒಂದು ಕೋಣೆ ಹಿಡಿದು, 'ವಹೀದಾ ಬೇಗಂ, ಖಾಸಗಿ ತಪಾಸ' ಎಂದು ಬೋರ್ಡು ತೂಗಹಾಕಿದವಳು ಅವಳು. ಪ್ರಶ್ನೆ ಕೇಳುವುದು ತನ್ನ ಹಕ್ಕು, ಉತ್ತರ ಹೇಳುವುದು ಉಳಿದವರ ಕರ್ಮ ಎಂದೇ ತಿಳಿದಿದ್ದಳು.

ಪ್ರಕರಣ ಇಷ್ಟೇ. ಔರಾದದ ವಿಮಲಾಬಾಯಿಯ ಮಗ ರೇವಣಸಿದ್ಧ ಹೊರದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಅಧಿಕಾರಿ. ಹೆಂಡತಿ ವಿಶಾಖಾ, ಮಗಳು ಬಸವೇಶ್ವರಿಯ ಜೊತೆ ಕಚೇರಿಯವರು ಕೊಟ್ಟ ಮನೆಯಲ್ಲಿ ಇದ್ದಾನೆ ಎಂದು ಊರೆಲ್ಲ ನಂಬಿತ್ತು. ಆ ದೇಶದ ಹೆಸರು ಔರಾದದಲ್ಲಿ ಯಾರ ಬಾಯಲ್ಲೂ ಎರಡು ಸಲ ಒಂದೇ ರೀತಿ ಹೊರಡುತ್ತಿರಲಿಲ್ಲ. ಹಾಗಾಗಿ ಎಲ್ಲರೂ 'ಥಂಡಿ ದೇಶ' ಎಂದು ಕರೆದು ಕೈತೊಳೆದುಕೊಂಡಿದ್ದರು.

ತಾಯಿ ಬರುತ್ತೇನೆ ಎಂದಾಗಲೆಲ್ಲ ಮಗ, 'ಮನಿ ಬದಲಿ ಆಗ್ಲಿಕತ್ತದ, ಈಗ ಬ್ಯಾಡ' ಎನ್ನುತ್ತಿದ್ದ. ಕಡೆಗೆ ವಿಮಲಾಬಾಯಿ ತಾನೇ ಟಿಕೆಟ್ಟು ತೆಗೆಸಿ, ಬರುವ ಭಾನುವಾರ ಹೈದರಾಬಾದಿನಿಂದ ವಿಮಾನ ಹತ್ತುವುದೆಂದು ಸಾರಿಬಿಟ್ಟಿದ್ದಳು. ಅದಕ್ಕೆ ಮೊದಲು ವಹೀದಾಳನ್ನು ಔರಾದಕ್ಕೆ ಕರೆಸಿ ಒಂದೇ ಮಾತು ಕೇಳಿದ್ದಳು.

"ನನ್ನ ಮಗನ ಸಂಸಾರ ಇಡಿಯಾಗಿ ಅದನೋ, ಒಡದದನೋ? ಅಷ್ಟು ಪತ್ತಿ ಹಚ್ಚಿ ಕೊಡ್ರಿ, ಬೇಗಂ ಸಾಹೇಬ್ರ."

ಹಾಗೆ ಹೇಳಿ ಕಣ್ಣು ಒರೆಸಿಕೊಂಡಿದ್ದಳು. ಒರೆಸಿದ ಕೈಯಿಂದಲೇ ವಹೀದಾಳ ತಾಟಿಗೆ ನಾಲ್ಕನೆಯ ಶೇಂಗಾ ಹೋಳಿಗೆ ಹಾಕಿದ್ದಳು. ವಿಮಲಾಬಾಯಿಯ ಹೋಳಿಗೆಯನ್ನು ಬೇಡ ಎಂದವರು ಔರಾದ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಬೇಡ ಎಂದರೂ ಆ ದನಿಯ ಮುಂದೆ ಕೇಳಿಸುತ್ತಿರಲಿಲ್ಲ. ಆಕೆ ಅಂಗಳದಲ್ಲಿ ನಿಂತು ಮಾತಾಡಿದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ಕಂಡಕ್ಟರ್ ಎದ್ದು ಸೀಟಿ ಊದುತ್ತಿದ್ದ.

ಸುಳಿವೂ ಆಕೆಯೇ ಕೊಟ್ಟದ್ದು. ಎಳ್ಳಮವಾಸ್ಯೆಯ ದಿನ ಸೊಸೆ 'ಥಂಡಿ ದೇಶದಿಂದ' ವೀಡಿಯೊ ಕಾಲ್ ಮಾಡಿದಾಗ ಫೋನಿನಲ್ಲಿ ಹಿಡಿದಿಟ್ಟ ಒಂದು ಚಿತ್ರ. ಮೊಮ್ಮಗಳು ಸ್ಟೀಲ್ ಡಬ್ಬಿಯಿಂದ ಭಜ್ಜಿ ತಿನ್ನುತ್ತಿದ್ದಾಳೆ. ಬೀದರ ಜಿಲ್ಲೆಯ ಈ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಅಮವಾಸ್ಯೆಗೆ ಹಸಿ ತೊಗರಿ, ಹಸಿ ಕಡಲೆ, ಕೈಗೆ ಸಿಕ್ಕ ಸೊಪ್ಪೆಲ್ಲ ಹಾಕಿ ಕುದಿಸಿ, ಹೊಲದಲ್ಲಿ ಕೂತು ಉಣ್ಣುವ ಪಲ್ಯ. ಹಿಮ ಬೀಳುವ ದೇಶದಲ್ಲಿ ಹಸಿ ತೊಗರಿ ಎಲ್ಲಿಂದ ಬಂತು? ಹೋಗಲಿ, ತೊಗರಿ ವಿಮಾನ ಹತ್ತಿ ಬಂತು ಎನ್ನೋಣ. ಡಬ್ಬಿಯ ಮೇಲೆ ಕೊರೆದ ಹೆಸರು?

ನಮ್ಮಲ್ಲಿ ಪಾತ್ರೆ ಕೊಂಡರೆ ಅಂಗಡಿಯಲ್ಲೇ ಹೆಸರು ಕೊರೆಸಿಕೊಂಡು ಬರುತ್ತಾರೆ. 'ಅಂಜನಾಬಾಯಿ' ಎಂದು ಕೊರೆದು, ಪಕ್ಕದಲ್ಲಿ ಒಂದು ಗಿಳಿ. ಹೆಸರಿನ ಪಕ್ಕ ಗಿಳಿ ಕೊರೆಯುವ ಅಂಗಡಿ ಭಾಲ್ಕಿ ಪೇಟೆಯಲ್ಲಿ ಒಂದೇ. ಅಂಗಡಿಯವನು ಡಬ್ಬಿಯ ಚಿತ್ರ ನೋಡುತ್ತಲೇ ಮನೆಯ ದಾರಿ ಹೇಳಿದ್ದ.

"ಮೂರು ಡಬ್ಬಿ ಅವರಿ," ಅಂಜನಾಬಾಯಿ ಶುರು ಮಾಡಿದಳು. ಪಾತ್ರೆಯ ವಿಷಯ ಬಂದರೆ ಆಕೆಗೆ ಗಂಡ, ಮಕ್ಕಳು, ಬಂದ ಅತಿಥಿ ಎಲ್ಲ ಮರೆತುಹೋಗುತ್ತಿದ್ದರು. "ಒಂದರಾಗ ಒಂದು ಕೂಡ್ತಾವ. ನನ್ನ ಲಗ್ನದಾಗ ತವರಿನವರು ಕೊಟ್ಟಿದ್ದು. ಎಳ್ಳಮವಾಸಿಗಿ ದೊಡ್ಡದು ಮನ್ಯಾಗ ಇಟಗೊಂಡು, ನಡಕಿಂದು ಮಾಳಗಿ ಮ್ಯಾಲಿನ ಬಾಡಗಿ ಹುಡುಗಿಗಿ ಭಜ್ಜಿ ಹಾಕಿ ಕೊಟ್ಟೆ. ಸಣ್ಣದು ಹಿತ್ತಲ ಆಚಿ ನಮ್ಮ ಇನ್ನೊಂದು ಮನಿ ಅದ, ಅಲ್ಲಿರೋ ಬಾಡಗಿದವಗ ಕೊಟ್ಟೆ."

"ಎರಡೂ ತಿರುಗಿ ಬಂದ್ವು?"

"ಹುಡುಗಿ ಮರುದಿನಾನೇ ಕೊಟ್ಲು. ಖಾಲಿ ಕೊಡ್ಲಿಲ್ರಿ, ರೀತಿ ತಿಳದಾಕಿ. ಚಾಕಲೇಟ್ ತುಂಬಿ ಕೊಟ್ಲು. ಫಾರಿನ್ ಮಾಲು, ಮ್ಯಾಲ ಹಿಮದ ಗುಡ್ಡದ ಚಿತ್ರ ಇತ್ತು." ಅಂಜನಾಬಾಯಿಯ ಮುಖ ಒಮ್ಮೆಲೇ ಗಂಟಾಯಿತು. "ಆದ್ರ ಆ ಹಿತ್ತಲ ಮನ್ಯಾವ ನೋಡ್ರಿ! ಇನ್ನಾ ಕೊಟ್ಟಿಲ್ಲ. ಮೂರರಾಗ ಒಂದಿಲ್ಲ ಅಂದ್ರ ಉಳದ ಎರಡು ಒಳಗೊಳಗ ಗಡಗಡ ಅಂತಾವ. ನನಗ ನಿದ್ದಿ ಬರ್ವಲ್ದು."

"ಅವ ಯಾರು?"

"ಯಾರಿಗಿ ಗೊತ್ತು? ಅಮವಾಸಿ ಮುಂದ ಬಂದಾನ. ಫೋನಿನ್ಯಾಗೇ ಮನಿ ಹಿಡದ. ಸ್ವೆಟರ್, ಮಫ್ಲರ್, ಕಿವಿಗಿ ಟೊಪಿಗಿ, ಕಣ್ಣಷ್ಟೇ ಕಾಣ್ತಾವ. ಬಾಗಿಲಾ ತೆಗಿಯಂಗಿಲ್ಲ. ಥಂಡಿ ಹತ್ತಿದ ಮನಶಾ, ಪಾಪ."

ವಹೀದಾಳ ಸಹಾಯಕ ಅಮಿತಕುಮಾರ ಮೂಲೆಯಲ್ಲಿ ಕೂತು ಚಹಾ ಊದುತ್ತಿದ್ದ. ಸರಕಾರಿ ಪರೀಕ್ಷೆಗಳನ್ನು ಬರೆದು ಬರೆದು, ನೌಕರಿಯೊಂದನ್ನು ಬಿಟ್ಟು ಜಗತ್ತಿನ ಉಳಿದೆಲ್ಲವನ್ನೂ ಗಳಿಸಿದವನು. ಮೂವತ್ತೈದು ದಾಟಿದರೂ ತಲೆಯ ತುಂಬ ಗೈಡುಗಳ ಪುಟಗಳೇ ಹಾರಾಡುತ್ತಿದ್ದವು.

"ಆಪಾ, ಒಂದು ಲಕ್ಷ್ಯದಾಗ ಇಡ್ರಿ," ಎಂದ ವಹೀದಾಳಿಗೆ. "ರಾಯಭಾರ ಕಚೇರಿ ಅಧಿಕಾರಿ ಮನಿ ಇದ್ದಲ್ಲಿ ಆ ದೇಶದ ಪೊಲೀಸರೂ ಕೇಳದೆ ಕಾಲ ಇಡೋ ಹಂಗಿಲ್ಲ. ದೇಶ ದೇಶಗಳ ಒಪ್ಪಂದ ಅದ. ನಾವು ಈಗ ಮ್ಯಾಲ ಹೋದ್ರ..."

"ಆ ಒಪ್ಪಂದಕ್ಕ ಭಾಲ್ಕಿ ಸಹಿ ಮಾಡಿಲ್ಲ. ಚಾ ಕುಡಿ."

ಅಷ್ಟರಲ್ಲಿ ವಹೀದಾಳ ಫೋನು ಬಡಿದುಕೊಂಡಿತು. ವಿಮಲಾಬಾಯಿ. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುವುದನ್ನು ವಹೀದಾ ಆಗಲೇ ಕಲಿತಿದ್ದಳು.

"ಎಲ್ಲಿ ಅದೀರಿ ಬೇಗಂ ಸಾಹೇಬ್ರ? ತಪಾಸು ಎಲ್ಲಿಗಿ ಬಂತು?"

ಪೂರ್ತಿ ಖಾತ್ರಿಯಾಗುವವರೆಗೆ ಕಕ್ಷಿದಾರರಿಗೆ ನಿಜ ಹೇಳಬಾರದು ಎಂಬುದು ವಹೀದಾಳ ವೃತ್ತಿಧರ್ಮ. "ನಾ ಬೀದರದಾಗೇ ಅದೇನ್ರಿ. ನೀವೆಲ್ಲಿ ಅದೀರಿ?"

"ನಾ ಎಲ್ಲಿ ಹೋಗ್ಲಿ? ಔರಾದದಾಗ, ಮನ್ಯಾಗ ಕೂತು ಬ್ಯಾಗ ತುಂಬ್ಲಿಕತ್ತೇನಿ. ನಮ್ಮ ಸಾಹೇಬಗ ಶೇಂಗಾ ಹಿಂಡಿ..."

ಮಗನನ್ನು ಆಕೆ ಹೆಸರು ಹಿಡಿದು ಕರೆದದ್ದೇ ಇಲ್ಲ. ನೌಕರಿ ಸಿಕ್ಕ ದಿನದಿಂದ ಅವನು 'ನಮ್ಮ ಸಾಹೇಬ'.

ಆಗಲೇ ಹಳಿಯ ಕಡೆಯಿಂದ ರೈಲು ಕೂಗಿತು. ಭಾಲ್ಕಿಯ ಗಾಜುಗಳೆಲ್ಲ ಗುಂಯ್ ಎಂದವು. "ತಡೀರಿ, ಈ ಕೂಗ ಮುಗೀಲಿ, ಏನೂ ಕೇಳಸ್ವಲ್ದು," ಎಂದಳು ವಿಮಲಾಬಾಯಿ. ವಹೀದಾ ಫೋನಿಗೆ ಅಂಗೈ ಮುಚ್ಚಿದಳು. ಸುಳ್ಳು ಸಿಕ್ಕಿಬಿತ್ತೆ? ಇಲ್ಲ. ಬೀದರದಲ್ಲೂ ರೈಲು ಇದೆ. ಸುಳ್ಳು ಬಚಾವಾಯಿತು. ಆ ಖುಷಿಯಲ್ಲಿ ಫೋನಿಟ್ಟು, ಮೊಳಕಾಲು ಹಿಡಿದುಕೊಂಡು ಅವಳು ಮಾಳಿಗೆಯ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದವಳ ಕೈಯಲ್ಲಿ ಉಲ್ಲನ್ ಸೂಜಿಗಳಿದ್ದವು. ಮೊಣಕೈಗೆ ಅರ್ಧ ಹೆಣೆದ ಸ್ವೆಟರ್ ಜೋತುಬಿದ್ದಿತ್ತು. ಚಿತ್ರದಲ್ಲಿ ಕಂಡ ಮುಖವೇ.

"ಥಂಡಿ ದೇಶದಾಗ ಬಿಸಲು ಛಲೋ ಬಿದ್ದದ ನೋಡ್ರಿ, ವಿಶಾಖಾಬಾಯಿ," ಎಂದಳು ವಹೀದಾ.

ಸೂಜಿಯೊಂದು ಟಣ್ ಎಂದು ನೆಲಕ್ಕೆ ಬಿತ್ತು.

"ನಾ... ನಾ ಆಕಿ ಅಲ್ರಿ."

"ಆಕಿ ಅಲ್ಲ ಅಂದ್ರ ಹೋಗ್ಲಿ. ಒಳಗ ಕೂಡ್ತೇನಿ. ನನ್ನ ಮೊಳಕಾಲಿಗಿ ನೀವು ಯಾರಾದ್ರೂ ನಡೀತದ."

ಒಳಗಿನ ಕೋಣೆ ನೋಡಿದರೆ ಯಾರಿಗಾದರೂ ನಗು ಬರಬೇಕು. ಹಿತ್ತಲ ಕಡೆಯ ಕಿಟಕಿ ಮುಚ್ಚಿ, ಅದರ ಮೇಲೆ ಅಂಚಿನಿಂದ ಅಂಚಿಗೆ ಬಿಳಿ ಚಾದರ ಬಿಗಿದಿತ್ತು. ಚಾದರದ ಮುಂದೆ ಒಂದು ಕುರ್ಚಿ. ಪಕ್ಕದ ಮೊಳೆಗೆ ಆನೆಯ ತೂಕದ ಕರಿ ಓವರ್‌ಕೋಟು. ಔರಾದಕ್ಕೆ ವೀಡಿಯೊ ಕಾಲ್ ಮಾಡುವಾಗಲೆಲ್ಲ ಈ ಹುಡುಗಿ ಭಾಲ್ಕಿಯ ಸೆಕೆಯಲ್ಲೂ ಆ ಕೋಟು ಹಾಕಿಕೊಂಡು, ಚಾದರದ ಮುಂದೆ ಕೂತು ನಡುಗಿರಬೇಕು. ವಹೀದಾ ನಗಲಿಲ್ಲ. ಆ ಕುರ್ಚಿಯ ಪಕ್ಕದಲ್ಲಿ ಒಂದು ಸಣ್ಣ ಕುರ್ಚಿಯೂ ಇತ್ತು, ಅದರ ಮೇಲೆ ಸಣ್ಣದೊಂದು ಕೋಟೂ ಇತ್ತು.

"ಮಗಳು?"

"ಸಾಲಿಗಿ ಹೋಗ್ಯಾಳ." ವಿಶಾಖಾ ಸೂಜಿ ಹೆಕ್ಕಿಕೊಂಡು ನೆಲದ ಮೇಲೇ ಕೂತುಬಿಟ್ಟಳು. "ಅತ್ತಿ ಕಳಸ್ಯಾರೇನ್ರಿ ನಿಮಗ?"

"ಕಳಸ್ಯಾರ. ಏನೂ ಹೇಳಿಲ್ಲ ಇನ್ನಾ. ಮೊದಲ ನೀವು ಹೇಳ್ರಿ. ಅರಮನಿ ಹಂಥಾ ಸರಕಾರಿ ಮನಿ ಬಿಟ್ಟು ಮಾಳಗಿ ಮ್ಯಾಲ ಯಾಕ?"

"ಅರಮನಿ?" ವಿಶಾಖಾ ಇಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆ ಎತ್ತಿದಳು. ಸಿಟ್ಟಿನಲ್ಲಿ ಹೆದರಿಕೆ ಮರೆತಳು. "ಗೋಡಿಗಿ ಒಂದು ಮೊಳಿ ಹೊಡೀಬೇಕಾದ್ರ ಮಾಲಕನ ಪರವಾನಗಿ ಬೇಕಾಗ್ತಿತ್ರಿ. ಬಂದ ವಾರದಾಗ ಬ್ಯಾಳಿಗಿ ಒಣಮೆಣಸಿನಕಾಯಿ ವಗ್ಗರಣಿ ಹಾಕಿದೆ. ಛತ್ತಿನ್ಯಾಗ ಒಂದು ಯಂತ್ರ ಇತ್ತು, ಹೊಗಿ ಹತ್ತಿ ಹೊಯ್ಕೊಳ್ಳಿಕತ್ತು. ಬೆಂಕಿ ಆರಿಸೋ ಗಾಡಿ ಬಂತು. ಇಷ್ಟೆತ್ತರದ ಮಂದಿ, ಟೊಪಿಗಿ ಹಾಕ್ಕೊಂಡು, ಅಡಗಿಮನ್ಯಾಗ ಸಾಲಾಗಿ ನಿಂತು ಬ್ಯಾಳಿ ನೋಡಿದ್ರು."

"ಅಯ್ಯೋ ಅಲ್ಲಾ. ಆಮ್ಯಾಲ?"

"ಆಮ್ಯಾಲ ಚಟ್ನಿ ಹುರದೆ. ತಿರುಗಿ ಅವ್ರೇ ಬಂದ್ರು. ಗುರ್ತು ಹಿಡದು ನಮಸ್ಕಾರ ಮಾಡಿದ್ರು."

ವಹೀದಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ತನಿಖೆಯ ನಡುವೆ ನಗುವುದು ಅವಳ ನಿಯಮಕ್ಕೆ ವಿರುದ್ಧ.

"ನಗ್ರಿ, ನಗ್ರಿ. ನಾನೂ ಈಗ ನಗ್ತೇನಿ," ಎಂದಳು ವಿಶಾಖಾ. "ಅವಾಗ ನಗು ಬರ್ಲಿಲ್ಲ. ಮನಿ ಊರ ಆಚಿ, ಮಗಳ ಸಾಲಿ ಊರ ಈಚಿ. ಮೊದಲ ಟ್ರಾಮ್, ಆಮ್ಯಾಲ ನೆಲದ ಕೆಳಗಿನ ರೈಲು, ಆಮ್ಯಾಲ ಬಸ್ಸು. ಇವರಿಗಿ ಆಫೀಸ್ ಕಾರು ಬಾಗಿಲಿಗಿ ಬರ್ತಿತ್ತು. ಅದರಾಗ ನಾವು ಕೂಡೋ ಹಂಗಿರ್ಲಿಲ್ಲ. ನಾನು ಬಸವೇಶ್ವರಿ ಹಿಮದಾಗ ನಿಂತಿದ್ರ ನಮ್ಮ ಮುಂದಿಂದೇ ಹೋಗೋದು. ಇವರು ಒಳಗಿಂದ ಕೈ ಮಾಡೋರು. ಸಣ್ಣ ಮಾರಿ ಮಾಡ್ಕೊಂಡು."

"ಒಂದಿನ?" ಎಂದಳು ವಹೀದಾ. ಇಂಥ ಕಥೆಗಳಲ್ಲಿ 'ಒಂದು ದಿನ' ಇದ್ದೇ ಇರುತ್ತದೆ ಎಂದು ಪೊಲೀಸ್ ಸ್ಟೇಷನ್ನಿನ ಬೆಂಚು ಅವಳಿಗೆ ಕಲಿಸಿತ್ತು.

"ಒಂದಿನ ತಪ್ಪು ಟ್ರಾಮ್ ಹತ್ತಿದೆ. ಕಡೀ ಸ್ಟಾಪಿನ್ಯಾಗ ಇಳಿಸಿ ಹೋಗಿಬಿಟ್ಟ. ಕತ್ತಲಾಗಿತ್ತು. ಫೋನು ಥಂಡಿಗಿ ಬಂದ್ ಬಿದ್ದಿತ್ತು. ಮಂದಿ ಹೋಗ್ತಿದ್ರು, ಬರ್ತಿದ್ರು, ಯಾರೂ ನಮ್ಮ ಕಡಿ ನೋಡ್ಲಿಲ್ಲ. ಮಗಳು ಅಳ್ಲಿಕತ್ಲು. ಅಲ್ಲೇ ಕೂತು ನಾನೂ ಅತ್ತೆ."

ವಹೀದಾ ಠಾಣಾ ಕುಶನೂರ ಹಳ್ಳಿಯ ಬಸ್ಸನ್ನು ನೆನೆದಳು. ಅಲ್ಲಿ ಯಾರಾದರೂ ತಪ್ಪು ಬಸ್ಸು ಹತ್ತಿದರೆ ಇಡೀ ಬಸ್ಸು ಸೇರಿ ಬೈಯುತ್ತದೆ, ಕಂಡಕ್ಟರ್ ಎದುರಿಗೆ ಬರುವ ಬಸ್ಸನ್ನು ನಿಲ್ಲಿಸಿ ಹತ್ತಿಸುತ್ತಾನೆ, ಯಾವುದೋ ಅಜ್ಜಿ ದಾರಿಗೆಂದು ಬಾಳೆಹಣ್ಣು ಕೊಡುತ್ತಾಳೆ. ಬೈಗುಳವನ್ನೂ ಕೊಡದ ಊರಿನಲ್ಲಿ ಈ ಹುಡುಗಿ ಹೇಗೆ ಬದುಕಿದಳೋ!

"ಹೊಸಾ ಮನಿ ಸಾಲಿ ಹತ್ರ ಸಿಗೋತನಕ ನೀವು ಊರಿಗಿ ಹೋಗಿ ಇರ್ರಿ ಅಂತ ಇವರೇ ಕಳಿಸಿದ್ರು," ವಿಶಾಖಾ ಮುಂದುವರಿಸಿದಳು.

"ಹಂಗಾದ್ರ ಔರಾದಕ್ಕ ಯಾಕ ಹೋಗ್ಲಿಲ್ಲ?"

"ಮೇಡಂ, ನಮ್ಮನ್ನ ಕಳಸುಮುಂದ ಅತ್ತಿ ಬಸ್ ಸ್ಟ್ಯಾಂಡ್‌ನ್ಯಾಗ ಬ್ಯಾಂಡ್ ಬಾರಿಸಿದ್ರು. ಬ್ಯಾಂಡ್ ಬಾರಿಸಿ ಕಳಿಸಿದ ಊರಿಗಿ, ವಗ್ಗರಣಿ ಸಂಬಂಧ ತಿರುಗಿ ಬಂದೇನಿ ಅಂತ ಹ್ಯಾಂಗ ಹೋಗೋದು?"

ವಹೀದಾ ತಲೆಯಾಡಿಸಿದಳು. ಬ್ಯಾಂಡು ನಿಜಕ್ಕೂ ಕಷ್ಟದ ವಿಷಯ.

"ಇಲ್ಲಿ ಛಲೋ ಅದರಿ. ಆಟೊದವ ಬಾಗಿಲಿಗಿ ಬಂದು ಹಾರ್ನ್ ಹೊಡೀತಾನ. ಈಗೀಗ ತಿರುಗಿ ಬರುಮುಂದ ತಡಾ ಮಾಡ್ತಾನ, ರೈಲ್ವೆ ಗೇಟ್ ಹಾಕಿತ್ತು ಅಂತಾನ. ಮಗಳೂ ಮನಿಗಿ ಬಂದ್ರ ಉಣ್ಣವಲ್ಲಳು, ಹೊಟ್ಟಿ ತುಂಬ್ಯದ ಅಂತಾಳ. ನಿನ್ನಿ ಯೂನಿಫಾರ್ಮ್ ಜೇಬಿನ್ಯಾಗ ಶೇಂಗಾ ಹೋಳಿಗಿ ಚೂರು ಸಿಕ್ತು. ಗೆಳತೇರ ಡಬ್ಬಿದು ಇರಬೇಕು." ಅವಳು ಸ್ವೆಟರನ್ನು ಮಡಿಲಲ್ಲಿ ಹರಡಿ ತೋಳಿನ ಉದ್ದ ನೋಡಿದಳು. "ನಾವು ಇಲ್ಲಿ ಬೆಚ್ಚಗ ಅದೇವಿ. ಇವರು ಒಬ್ಬರೇ ಆ ಹಿಮದಾಗ. ಅದೊಂದೇ ನನಗ ಒಳಗೊಳಗ ಕೊರೀತದ. ಗಂಡನ್ನ ಬಿಟ್ಟು ಓಡಿಬಂದಾಕಿ ನಾ."

"ಭಾನುವಾರ ನಿಮ್ಮ ಅತ್ತಿ ವಿಮಾನ ಹತ್ಲಿಕತ್ತಾರ. ಗೊತ್ತದನು?"

ಗೊತ್ತಿರಲಿಲ್ಲ. ವಿಶಾಖಾಳ ಮುಖ ಚಾದರದ ಬಣ್ಣಕ್ಕೆ ತಿರುಗಿತು. ಆಮೇಲೆ ಸೂಜಿಗಳನ್ನು ಪಕ್ಕಕ್ಕಿಟ್ಟಳು.

"ಹಂಗಾದ್ರ ನಾವೇ ಮೊದಲ ತಿರುಗಿ ಹೋಗ್ತೇವಿ," ಎಂದಳು. "ಟ್ರಾಮ್ ಇರ್ಲಿ, ಹಿಮ ಇರ್ಲಿ. ಅತ್ತಿ ಬಂದಾಗ ಮನಿ ಬಾಗಿಲಾಗ ನಾ ನಿಂತಿರಬೇಕು. ಈಗ ಇವರ ಫೋನ್ ಬರ್ತದ. ದಿನಾ ಇದೇ ಹೊತ್ತಿಗಿ, ಅಲ್ಲಿ ಆಫೀಸಿಗಿ ಹೋಗೋಕಿಂತ ಮೊದಲ. ಇವತ್ತ ಹೇಳೇಬಿಡ್ತೇನಿ."

"ಮಗಳ ಜೊತಿ ಮಾತಾಡಂಗಿಲ್ಲೇನು, ಈ ಹೊತ್ತಿನ್ಯಾಗ ಮಾಡಿದ್ರ?"

"ಆಕಿ ಬರೋದ್ರಾಗ ಕಾರು ಬಂತು ಅಂತ ಇಟ್ಟುಬಿಡ್ತಾರ. ಮೊದಲ ಮಗಳು ಮಗಳು ಅಂತ ಜೀವಾ ತಿಂತಿದ್ರು. ಈಗೀಗ ಕೇಳಂಗೇ ಇಲ್ಲ."

ವಹೀದಾಳ ಕಿವಿ ನೆಟ್ಟಗಾಯಿತು. ಮಗಳನ್ನು ಕಾಣದೆ ದೂರದಲ್ಲಿ ಕೂತ ತಂದೆ ಮಗಳ ಸುದ್ದಿ ಕೇಳುವುದನ್ನು ಬಿಡುವುದಿಲ್ಲ. ದಿನಾ ಕಾಣುವವನು ಬಿಡಬಹುದು. ಆ ವಿಚಾರ ಪೂರ್ತಿಯಾಗುವ ಮೊದಲೇ ಫೋನು ಮೊಳಗಿತು.

ವಹೀದಾ ಕ್ಯಾಮೆರಾ ಕಾಣದ ಕಡೆಗೆ ಸರಿದು ಕೂತಳು. ತೆರೆಯ ಮೇಲೆ ರೇವಣಸಿದ್ಧ ಕಾಣಿಸಿದ. ಸ್ವೆಟರು, ಮಫ್ಲರು, ಕಿವಿಗೆ ಟೊಪ್ಪಿಗೆ. ಮುಖವಿರಬೇಕಾದ ಜಾಗದಲ್ಲಿ ಒಂದು ಮೂಗು.

"ಬಾಳ ಥಂಡಿ ವಿಶಾಖಾ. ಕಿಟಕಿ ತನಕ ಹಿಮ ಬಂದದ."

"ಕೇಳ್ರಿ, ನಾ ಒಂದು ಮಾತು ಹೇಳ್ಬೇಕು. ನಾವು ತಿರುಗಿ ಬರ್ತೇವಿ. ಇದೇ ವಾರ."

ಮೂಗು ಗಾಬರಿಯಾಯಿತು. "ಬ್ಯಾಡ! ಬ್ಯಾಡ ಬ್ಯಾಡ. ಈಗ ಬರಬ್ಯಾಡ."

"ಯಾಕ?"

"ಥಂಡಿ ಅದ. ಮನಿ... ಮನಿ ಬದಲಿ ಆಗ್ಲಿಕತ್ತದ."

"ಸಣ್ಣ ಮನಿ ಆದ್ರೂ ನಡೀತದ್ರಿ. ವಗ್ಗರಣಿ ಹಾಕೋದಿಲ್ಲ ನಾ. ಆಣಿ ಮಾಡ್ತೇನಿ. ಬರೇ ಕುದಿಸಿ ಉಣ್ಣೋಣು. ನಿಮ್ಮನ್ನ ಒಬ್ಬರನ್ನೇ ಬಿಟ್ಟು ನನಗ ಇರ್ಲಿಕ್ಕಾಗವಲ್ದು."

ಒಗ್ಗರಣೆ ಬಿಡುತ್ತೇನೆ ಎಂದು ಆಣೆ ಮಾಡುವ ಹೆಂಗಸಿನ ಪ್ರೀತಿಯನ್ನು ಬೀದರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಹೀದಾಳ ಕಣ್ಣು ತೇವವಾಯಿತು. ಒರೆಸಿಕೊಂಡು ಮತ್ತೆ ತೆರೆಯ ಕಡೆ ನೋಡಿದಳು. ಹಾಗೆ ನೋಡಿದವಳ ಕೈ ಅರ್ಧದಲ್ಲೇ ನಿಂತಿತು.

ರೇವಣಸಿದ್ಧನ ಭುಜದ ಹಿಂದೆ ಗೋಡೆಯಲ್ಲಿ ಒಂದು ಗೂಡು. ಗೂಡಿನಲ್ಲಿ ಸ್ಟೀಲಿನ ಒಂದು ಸಣ್ಣ ಡಬ್ಬಿ. ಡಬ್ಬಿಯ ಮೇಲೆ ಒಂದು ಗಿಳಿ.

ವಹೀದಾ ಸದ್ದಿಲ್ಲದೆ ಎದ್ದು ಮೆಟ್ಟಿಲ ಬಳಿ ಹೋದಳು. ಕೆಳಗೆ ಅಂಜನಾಬಾಯಿ ಎರಡು ಡಬ್ಬಿಗಳನ್ನು ಒಂದರಲ್ಲಿ ಒಂದಿಟ್ಟು ಗಡಗಡ ಅನ್ನಿಸಿ ಅಮಿತಕುಮಾರನಿಗೆ ತೋರಿಸುತ್ತಿದ್ದಳು.

"ಬಾಯಿ," ಎಂದಳು ವಹೀದಾ ಮೆಲ್ಲಗೆ, "ನಿಮ್ಮ ಮೂರನೇ ಡಬ್ಬಿ ಈಗಿಂದೀಗ ಹೋಗಿ ಕೇಳ್ರಿ. ಬಾಗಿಲಾ ತೆಗೀಲಿಲ್ಲಂದ್ರ ಬಡೀರಿ."

ಅಂಜನಾಬಾಯಿಗೆ ಇನ್ನೊಮ್ಮೆ ಹೇಳುವ ಗರಜು ಬೀಳಲಿಲ್ಲ. ಎಳ್ಳಮವಾಸ್ಯೆಯಿಂದ ಆಕೆ ಇಂಥ ಒಂದು ಅಪ್ಪಣೆಗಾಗಿಯೇ ಕಾದಿದ್ದಳು. ಹಿತ್ತಲ ಬಾಗಿಲು ಧಡಾರನೆ ತೆರೆಯಿತು. ಅಮಿತಕುಮಾರ ಹಿಂದೆ ಓಡಿದ. ರಾಯಭಾರ ಕಚೇರಿಯ ಅಧಿಕಾರಿಯ ಮನೆಗೆ ಪೊಲೀಸರು ಕಾಲಿಡಬಾರದು ಎಂದು ಒಪ್ಪಂದ ಬರೆದವರು ಡಬ್ಬಿ ಕಳೆದುಕೊಂಡ ಮಾಲಕಿಯ ಬಗ್ಗೆ ಏನೂ ಬರೆದಿರಲಿಲ್ಲ.

ವಹೀದಾ ತಿರುಗಿ ಬಂದು ಕೂತಾಗ ಗಂಡ ಹೆಂಡತಿ ಅದೇ ಮಾತಿನಲ್ಲಿದ್ದರು.

"ಮಗಳ ಸಾಲಿ ಹತ್ರ ಮನಿ ಸಿಗ್ಲಿಕ್ಕಿಲ್ಲ ಅಂದ್ರೂ ನಡೀತದ..."

"ವಿಶಾಖಾ, ನನ್ನ ಮಾತು ಕೇಳು, ಈಗ ಟ್ರಾಮ್ ಎಲ್ಲ ಬಂದ್ ಅವ..."

ಧಡ್ ಧಡ್ ಧಡ್.

ಸದ್ದು ಫೋನಿನ ಒಳಗಿನಿಂದ ಬಂತು. ರೇವಣಸಿದ್ಧ ಹಿಂದೆ ತಿರುಗಿ ನೋಡಿದ. ಮಫ್ಲರು ಜಾರಿ ಪೂರ್ತಿ ಮುಖ ಕಂಡಿತು. ಕಣ್ಣುಗಳು ಎಷ್ಟು ದೊಡ್ಡವಾಗಿದ್ದವೆಂದರೆ ಅವುಗಳಲ್ಲಿ ಹಿಮದ ಗುರುತೇ ಇರಲಿಲ್ಲ.

"ತಮ್ಮಾ!" ಥಂಡಿ ದೇಶದಿಂದ ಅಂಜನಾಬಾಯಿಯ ದನಿ ಬಂತು. "ಏ ತಮ್ಮಾ! ನನ್ನ ಡಬ್ಬಿ ಕೊಡಪಾ!"

ವಿಶಾಖಾ ಫೋನನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ತೆರೆಯ ಮೇಲೆ ಎಲ್ಲ ತಲೆಕೆಳಗಾಯಿತು. ರೇವಣಸಿದ್ಧನ ಕೈಯಿಂದ ಫೋನು ಬಿದ್ದಿರಬೇಕು. ಒಂದು ಛಾವಣಿ, ಒಂದು ಹಳದಿ ಬಲ್ಬು, ಬಲ್ಬಿನ ಪಕ್ಕ ಒಂದು ಹಲ್ಲಿ.

ಆಗ ಇನ್ನೊಂದು ದನಿ ಕೇಳಿಸಿತು. ಔರಾದದ ಬಸ್ ಸ್ಟ್ಯಾಂಡನ್ನು ಎಬ್ಬಿಸುವ ದನಿ. ವಹೀದಾ ಅಭ್ಯಾಸಬಲದಿಂದ ಕಿವಿಯನ್ನು ಒಂದು ಗೇಣು ಹಿಂದೆ ತೆಗೆದುಕೊಂಡಳು.

"ಯಾರ್ರೀ ಅದು ಬಾಗಿಲಾ ಬಡಿಯೋದು? ಸುಮ್ನಿರ್ರಿ ಒಂದೀಟು! ನಮ್ಮ ಸಾಹೇಬ ಥಂಡಿ ದೇಶದಿಂದ ಮಾತಾಡ್ಲಿಕತ್ತಾನ!"

ಔರಾದದಲ್ಲಿ ರೈಲೇ ಇಲ್ಲ.

ಅದು ಈಗ ನೆನಪಾಯಿತು ವಹೀದಾಳಿಗೆ. 'ಈ ಕೂಗ ಮುಗೀಲಿ' ಎಂದಿದ್ದಳಲ್ಲ ಆಕೆ, ಅದು ವಹೀದಾಳ ಫೋನಿನಿಂದ ಕೇಳಿದ ಕೂಗಲ್ಲ, ಆಕೆಯ ತಲೆಯ ಮೇಲೇ ಕೂಗಿದ್ದು. ತನ್ನ ಸುಳ್ಳು ಬಚಾವಾಯಿತೆಂದು ಹಿಗ್ಗುವ ಗಡಿಬಿಡಿಯಲ್ಲಿ ಎದುರಿನವಳ ಸುಳ್ಳನ್ನು ಕೈಯಾರೆ ಬಿಟ್ಟುಕೊಟ್ಟಿದ್ದಳು. ಮಗ ಎಲ್ಲಿದ್ದಾನೆಂದು ಗೊತ್ತಿದ್ದ ತಾಯಿ, ಮಗನ ಸಂಸಾರ ಇಡಿಯಾಗಿದೆಯೋ ನೋಡಿ ಎಂದು ತನ್ನನ್ನು ಯಾಕೆ ಹಿಡಿದಳು, ಸೊಸೆಯ ಮನಸ್ಸು ತಿಳಿಯಲಿಕ್ಕೋ? ಸರಕಾರಿ ಕಚೇರಿ, ಟ್ರಾಮು, ಕಾರು ಬಿಟ್ಟು ಈ ಮನುಷ್ಯ ಹಿತ್ತಲಿನಾಚೆ ಯಾಕೆ ಮಫ್ಲರು ಸುತ್ತಿಕೊಂಡು ಕೂತಿದ್ದಾನೆ? ಬ್ಯಾಂಡಿನ ಹೆದರಿಕೆ ಅವನಿಗೂ ಇತ್ತೆ? ಭಾನುವಾರದ ವಿಮಾನ ಯಾರಿಗೆ?

ಫೋನಿನಲ್ಲಿ ಗದ್ದಲವೋ ಗದ್ದಲ. ಅಂಜನಾಬಾಯಿ, ಅಮಿತಕುಮಾರ, ಬಾಗಿಲ ಅಗಳಿ. ಅದೆಲ್ಲದರ ನಡುವೆ ಒಂದು ಸಣ್ಣ ದನಿ, ಬಾಯಿ ತುಂಬ ಏನೋ ಇಟ್ಟುಕೊಂಡು ಕೇಳಿತು.

"ಅಪ್ಪಾ, ಯಾರ ಬಂದ್ರು? ಆಯಿ, ಇನ್ನೊಂದು ಹೋಳಿಗಿ ಹಾಕು."

ಅಜ್ಜಿಯನ್ನು 'ಆಯಿ' ಎನ್ನುವ ಬಸವೇಶ್ವರಿಯ ಆ ದನಿ ಮೊದಲು ಬಂದದ್ದು ಬಿಳಿ ಚಾದರದ ಹಿಂದಿನಿಂದ. ಅರೆಕ್ಷಣ ತಡವಾಗಿ ಫೋನಿನಿಂದ ಬಂತು.

ವಿಶಾಖಾ ಎದ್ದು ನಿಂತಳು. ಮಡಿಲಿನ ಸ್ವೆಟರ್ ಕಾಲ ಮೇಲೆ ಬಿದ್ದದ್ದು ಅವಳಿಗೆ ಗೊತ್ತಾದ ಹಾಗೆ ಕಾಣಲಿಲ್ಲ. ಸಣ್ಣ ಕುರ್ಚಿಯ ಮೇಲಿನ ಕೋಟಿನ ಕಡೆ ಒಮ್ಮೆ ನೋಡಿದಳು.

"ಮೇಡಂ," ಎಂದಳು, "ನಮ್ಮ ಅತ್ತಿ ನಿಮಗ ಏನು ಪತ್ತಿ ಹಚ್ಲಿಕ್ಕ ಹೇಳಿದ್ರು?"

ವಹೀದಾಳಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ. "ಮಗನ ಸಂಸಾರ ಇಡಿಯಾಗಿ ಅದನೋ, ಒಡದದನೋ ಅಂತ."

"ಇಡಿಯಾಗೇ ಅದ ಅಂತ ಹೇಳ್ರಿ. ಅಪ್ಪ ಅದಾನ, ಆಯಿ ಅದಾಳ, ಮಗಳು ಅದಾಳ." ವಿಶಾಖಾ ಕಿಟಕಿಯ ಹತ್ತಿರ ಹೋಗಿ ಚಾದರದ ತುದಿ ಹಿಡಿದಳು. "ನಾ ಒಬ್ಬಾಕಿ ಹೊರಗ ಉಳದೇನಿ."

ಅಂದವಳೇ ಚಾದರವನ್ನು ಜಗ್ಗಿ ಕಿತ್ತು, ಕಿಟಕಿಯ ಎರಡೂ ಬಾಗಿಲು ತೆರೆದಳು.